ಗರೆತ್ ಜೋನ್ಸ್ ತೆಗೆಯದ ಫೋಟೋಗಳು

ನವೆಂಬರ್ ತಿಂಗಳ ನಾಲ್ಕನೇ ಶನಿವಾರ ಉಕ್ರೇನಿನ ಮನೆಗಳ ಕಿಟಕಿಯಲ್ಲಿ ಮೇಣದಬತ್ತಿ ಉರಿಯುತ್ತದೆ. 1932–33ರಲ್ಲಿ ಹಸಿವಿನಿಂದ ಸತ್ತವರ ನೆನಪಿಗೆ. ಅದೇ ಹೊತ್ತಿಗೆ ಲೋಕದ ಫೋನುಗಳಲ್ಲಿ ಒಂದಷ್ಟು ಕಪ್ಪುಬಿಳುಪು ಚಿತ್ರಗಳು ಓಡಾಡತೊಡಗುತ್ತವೆ. ಹೊಟ್ಟೆ ಊದಿದ ಮಕ್ಕಳು, ಗಾಡಿಯಲ್ಲಿ ಒಟ್ಟಿದ ಹೆಣಗಳು, ಪಕ್ಕದಲ್ಲಿ ಸೂಟು ತೊಟ್ಟ ಒಬ್ಬ ತರುಣನ ಭಾವಚಿತ್ರ. ತರುಣನ ಹೆಸರು ಗರೆತ್ ಜೋನ್ಸ್, ವೇಲ್ಸ್ ದೇಶದ ಪತ್ರಕರ್ತ. ನೋಡಿದವರು ಸಹಜವಾಗಿ ಅಂದುಕೊಳ್ಳುತ್ತಾರೆ: ಈತ ಅಲ್ಲಿಗೆ ಹೋಗಿ ಈ ಫೋಟೋಗಳನ್ನು ತೆಗೆದು ತಂದ.

ಭಾವಚಿತ್ರ ನಿಜ. ಕ್ಷಾಮವೂ ನಿಜ, ಉಕ್ರೇನ್ ಒಂದರಲ್ಲೇ ಸುಮಾರು 39 ಲಕ್ಷ ಜನ ಸತ್ತರೆಂಬುದು ಜನಸಂಖ್ಯಾ ತಜ್ಞರ ಅಂದಾಜು. ಆದರೆ ಆ ಮಕ್ಕಳ ಚಿತ್ರ ಬಹುಪಾಲು ಆ ವರ್ಷದ್ದಲ್ಲ, ಆ ಊರಿನದೂ ಅಲ್ಲ. ಯಾವುದು ಯಾರದು, ಯಾವ ವರ್ಷದ್ದು ಎಂಬ ಗೋಜಲಿಗೆ ಈಗ ನೂರು ವರ್ಷದ ಹತ್ತಿರ ಆಯಿತು. ಬಿಡಿಸುತ್ತ ಹೋದರೆ ದಾರ ಒಂದೇ ಕಡೆ ಸಿಗುವುದಿಲ್ಲ.

ಶುರು ಮಾಡಬೇಕಾದದ್ದು ಜೋನ್ಸ್‌ನ ತಾಯಿಯಿಂದ. 1870ರಲ್ಲಿ ಜಾನ್ ಹ್ಯೂಸ್ ಎಂಬ ವೇಲ್ಸ್‌ನ ಕಬ್ಬಿಣದ ಉದ್ಯಮಿ ತನ್ನೂರಿನ ಕಾರ್ಮಿಕರನ್ನು ಹಡಗು ಹತ್ತಿಸಿಕೊಂಡು ರಷ್ಯಾ ಸಾಮ್ರಾಜ್ಯದ ಹುಲ್ಲುಗಾವಲಿಗೆ ಹೋಗಿ ಕುಲುಮೆ ಹಾಕಿದ. ಊರಿಗೆ ಅವನದೇ ಹೆಸರು ಬಂತು, ಯೂಜೊವ್ಕ. ಅದೇ ಮುಂದೆ ಸ್ಟಾಲಿನೊ ಆಗಿ, 1961ರಿಂದ ಡೊನೆಟ್ಸ್ಕ್ ಆಗಿದೆ. ಹ್ಯೂಸ್‌ನ ಮೊಮ್ಮಕ್ಕಳಿಗೆ ಪಾಠ ಹೇಳಲು 1889ರಲ್ಲಿ ಆನಿ ಗ್ವೆನ್ ಎಂಬ ತರುಣಿ ಅಲ್ಲಿಗೆ ಹೋಗಿ ಸುಮಾರು ಮೂರು ವರ್ಷ ಇದ್ದಳು. ವಾಪಸು ಬಂದು ಮದುವೆಯಾಗಿ ಬ್ಯಾರಿ ಎಂಬ ಬಂದರು ಊರಿನಲ್ಲಿ ನೆಲೆಸಿದಳು. ಗಂಡ ಅಲ್ಲಿನ ಶಾಲೆಯ ಹೆಡ್‌ಮಾಸ್ತರು. 1905ರ ಆಗಸ್ಟ್ 13ರಂದು ಹುಟ್ಟಿದ ಮಗ ಗರೆತ್, ಅಮ್ಮ ಹೇಳುತ್ತಿದ್ದ ರಷ್ಯಾದ ಕತೆ ಕೇಳುತ್ತಲೇ ಬೆಳೆದ. ಹ್ಯೂಸ್‌ನ ಊರಿಗೆ ಸಂಬಂಧಿಸಿದ ಪತ್ರ, ಫೋಟೋಗಳ ಒಂದು ಸಂಗ್ರಹ ಇಂದಿಗೂ ಕಾರ್ಡಿಫ್‌ನ ದಾಖಲೆ ಭಂಡಾರದಲ್ಲಿದೆ. ಅಂದರೆ ಈ ಕತೆಯಲ್ಲಿ ಫೋಟೋಗಳಿಗೇನೂ ಬರವಿಲ್ಲ. ಬೇಕಾದ ಹೊತ್ತಿನವು ಮಾತ್ರ ಇಲ್ಲ.

ಹುಡುಗ ಓದಿನಲ್ಲಿ ಚುರುಕು. ಅಬೆರಿಸ್ಟ್‌ವಿತ್‌ನಲ್ಲಿ ಫ್ರೆಂಚ್, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಜರ್ಮನ್, ರಷ್ಯನ್. 1930ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಲಾಯ್ಡ್ ಜಾರ್ಜ್‌ಗೆ ವಿದೇಶ ವ್ಯವಹಾರದ ಸಲಹೆಗಾರನಾದ. ಅದೇ ವರ್ಷ ಅಮ್ಮನ ಹಳೆಯ ಊರು ನೋಡಿ ಬಂದ. 1931ರಲ್ಲಿ ಅಮೆರಿಕದ ಹೈನ್ಜ್ ಕಂಪನಿಯ ಮನೆತನದ ಹುಡುಗನೊಬ್ಬನ ಜತೆ ಮತ್ತೊಮ್ಮೆ ಸೋವಿಯತ್ ಹಳ್ಳಿಗಳನ್ನು ಸುತ್ತಿದ. 1933ರ ಫೆಬ್ರವರಿ 23ರಂದು, ಬರ್ಲಿನ್ನಿನ ಸಂಸತ್ ಭವನಕ್ಕೆ ಬೆಂಕಿ ಬೀಳುವ ನಾಲ್ಕು ದಿನ ಮೊದಲು, ಹಿಟ್ಲರ್ ಮತ್ತು ಗೋಬೆಲ್ಸ್ ಜತೆ ಅವರದೇ ವಿಮಾನದಲ್ಲಿ ಫ್ರಾಂಕ್‌ಫರ್ಟ್‌ಗೆ ಹಾರಿದ. ಈ ವಿಮಾನ ಬಿದ್ದರೆ ಯುರೋಪಿನ ಚರಿತ್ರೆಯೇ ಬದಲಾದೀತು ಎಂದು ತನ್ನ ಪತ್ರಿಕೆಗೆ ಬರೆದ. ಇನ್ನೂ ಇಪ್ಪತ್ತೆಂಟು ತುಂಬದವನ ಸಾಲು ಅದು.

ಅಲ್ಲಿಂದ ಎರಡು ವಾರಕ್ಕೆ ಅವನು ಮಾಸ್ಕೋದಲ್ಲಿದ್ದ. ಮಾರ್ಚ್ 10ರ ಸುಮಾರಿಗೆ ಬೆನ್ನಿಗೆ ತಿಂಡಿಯ ಚೀಲ ಕಟ್ಟಿಕೊಂಡು ಖಾರ್ಕಿವ್ ರೈಲು ಹತ್ತಿ, ಊರು ಬರುವ ಮೊದಲೇ ಇಳಿದು, ಹಳಿಯ ಪಕ್ಕದ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ಹೊರಟ. ಭಾಷೆ ಬರುತ್ತಿತ್ತು, ಹಾಗಾಗಿ ದುಭಾಷಿ ಬೇಕಿರಲಿಲ್ಲ. ದುಭಾಷಿ ಇದ್ದಿದ್ದರೆ ಹಳ್ಳಿಯವರು ಬಾಯಿ ಬಿಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಒಂದು ಹಳ್ಳಿಯಲ್ಲಿ ರಾತ್ರಿ ಉಳಿದ. ಹಿಂದೆ ಇನ್ನೂರು ಎತ್ತುಗಳಿದ್ದ ಊರಲ್ಲಿ ಈಗ ಆರು. ಜನ ದನದ ಮೇವನ್ನು ತಿನ್ನುತ್ತಿದ್ದರು, ಅದೂ ಇನ್ನೊಂದು ತಿಂಗಳಿಗೆ ಮುಗಿಯುವಷ್ಟಿತ್ತು. ಮಳೆ ಹೋಗಿ ಬಂದ ಬರವಲ್ಲ ಅದು. ಸರ್ಕಾರ ಗೊತ್ತುಮಾಡಿದ ಪಾಲು ತುಂಬಲಿಲ್ಲವೆಂದು ಕಣಜ ಬಳಿದುಕೊಂಡು ಹೋಗಿದ್ದರು. ಮೇಲೆ ಊರು ಬಿಟ್ಟು ಹೋಗದಂತೆ ರೈತರನ್ನು ತಡೆದಿದ್ದರು.

ರೈಲಿನಲ್ಲಿ ನಡೆದದ್ದು ಒಂದಿದೆ, ಅವನೇ ಹೇಳಿದ್ದು. ಎದುರು ಕೂತ ಪಕ್ಷದ ಕಾರ್ಯಕರ್ತನೊಬ್ಬ ಕ್ಷಾಮಗೀಮ ಏನೂ ಇಲ್ಲ ಎಂದು ವಾದಿಸುತ್ತಿದ್ದ. ಜೋನ್ಸ್ ತಾನು ತಿನ್ನುತ್ತಿದ್ದ ಬ್ರೆಡ್ಡಿನ ತುಣುಕೊಂದನ್ನು ಉಗುಳುವ ಡಬ್ಬಿಗೆ ಎಸೆದ. ಪಕ್ಕದಲ್ಲಿದ್ದ ರೈತ ಕೈ ಹಾಕಿ ತೆಗೆದು ಗಬಗಬನೆ ತಿಂದ. ಕಿತ್ತಳೆ ಸಿಪ್ಪೆ ಎಸೆದ, ಅದನ್ನೂ ತಿಂದ. ಕಾರ್ಯಕರ್ತ ಸುಮ್ಮನಾದ.

ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕ್ಯಾಮರಾ ಕೊಟ್ಟೀತು? ಆದರೆ ಲೋಕ ಕೇಳುವುದು ಬೇರೆಯದನ್ನೇ.

ಮಾರ್ಚ್ 29ರಂದು ಬರ್ಲಿನ್‌ನಲ್ಲಿ ಜೋನ್ಸ್ ಪತ್ರಕರ್ತರನ್ನು ಕರೆದು ಹೇಳಿದ: ಹನ್ನೆರಡು ಸಾಮೂಹಿಕ ಜಮೀನು, ಹಲವು ಹಳ್ಳಿ ನಡೆದಿದ್ದೇನೆ, ಎಲ್ಲೆಲ್ಲೂ ಒಂದೇ ಕೂಗು, ರೊಟ್ಟಿ ಇಲ್ಲ, ಸಾಯುತ್ತಿದ್ದೇವೆ. ಅದೇ ವಾರ ಇಂಗ್ಲೆಂಡಿನ ಪತ್ರಕರ್ತ ಮಾಲ್ಕಮ್ ಮಗ್ಗರಿಜ್ ಕೂಡ ಮ್ಯಾಂಚೆಸ್ಟರ್ ಗಾರ್ಡಿಯನ್‌ನಲ್ಲಿ ಇಂಥದ್ದನ್ನೇ ಬರೆದಿದ್ದ, ಹೆಸರು ಹಾಕದೆ. ಹೆಸರು ಹಾಕಿ ನಿಂತವನು ಜೋನ್ಸ್. ಎರಡೇ ದಿನಕ್ಕೆ, ಮಾರ್ಚ್ 31ರಂದು, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿಯ ಲೇಖನ ಬಂತು. ಆಹಾರದ ಕೊರತೆ ಇರುವುದು ಹೌದು, ಹಸಿವಿನ ಸಾವಿಲ್ಲ, ಪೌಷ್ಟಿಕತೆ ಕಡಿಮೆಯಾಗಿ ಬರುವ ರೋಗದಿಂದ ಸಾವು ಹೆಚ್ಚಿದೆ ಎಂದು ಅದರ ಸಾರ. ಓದಿದರೆ ಈಗಲೂ ಒಂದು ಕ್ಷಣ ಹೌದೇನೋ ಅನ್ನಿಸುವಂತೆ ಬರೆದಿದ್ದಾರೆ.

ಮಾಸ್ಕೋದಲ್ಲಿದ್ದ ವಿದೇಶಿ ವರದಿಗಾರರ ಪರಿಸ್ಥಿತಿಯನ್ನೂ ಇಲ್ಲಿ ಹೇಳಬೇಕು. ತಂತಿ ಕಳಿಸುವ ಮುನ್ನ ಪ್ರತಿ ವರದಿಯನ್ನೂ ಸೆನ್ಸಾರ್ ಓದುತ್ತಿತ್ತು. ವೀಸಾ, ಮನೆ, ಪಡಿತರ ಎಲ್ಲವೂ ಅದೇ ಸರ್ಕಾರದ ಕೈಯಲ್ಲಿ. ಜತೆಗೆ ಆ ವಸಂತದಲ್ಲಿ ಮೆಟ್ರೊ-ವಿಕರ್ಸ್ ಕಂಪನಿಯ ಬ್ರಿಟಿಷ್ ಎಂಜಿನಿಯರ್‌ಗಳ ಮೇಲೆ ಗೂಢಚರ್ಯೆಯ ವಿಚಾರಣೆ ನಡೆಯುವುದಿತ್ತು. ಆ ಸುದ್ದಿ ತಪ್ಪಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಕೆಲವರು ಮುಂದೆ ನೆನಪುಗಳಲ್ಲಿ ಆ ದಿನಗಳ ಬಗ್ಗೆ ನಾಚಿಕೆಯಿಂದ ಬರೆದುಕೊಂಡರು. ಜೋನ್ಸ್‌ನ ಉತ್ತರ ಮೇ 13ರಂದು ಅದೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪತ್ರವಾಗಿ ಅಚ್ಚಾಯಿತು. ಅಷ್ಟರಲ್ಲಿ ಸುದ್ದಿ ಹಳತಾಗಿತ್ತು. ಸೋವಿಯತ್ ದೇಶದ ಬಾಗಿಲು ಅವನಿಗೆ ಮುಚ್ಚಿತು, ಅವನು ಕಾರ್ಡಿಫ್‌ಗೆ ಹೋಗಿ ವೆಸ್ಟರ್ನ್ ಮೇಲ್ ಪತ್ರಿಕೆ ಸೇರಿಕೊಂಡ.

ಅವನ ಆ ನಡಿಗೆಯಿಂದ ನಮಗೆ ಉಳಿದು ಬಂದಿರುವುದು ನೋಟ್‌ಬುಕ್ಕುಗಳು, ಆಗಲೇ ಅಲ್ಲಲ್ಲೇ ಗೀಚಿದ ಮಾತುಗಳು. ಫೋಟೋದ ಕತೆ ಬೇರೆಯದು, ಅದಕ್ಕೆ ಹನ್ನೆರಡು ವರ್ಷ ಹಿಂದೆ ಹೋಗಬೇಕು.

1921–22ರಲ್ಲಿ ವೋಲ್ಗಾ ನದಿಯ ಸೀಮೆಯಲ್ಲಿ ಇನ್ನೊಂದು ಮಹಾಕ್ಷಾಮ ಬಿದ್ದಿತ್ತು. ಆಗ ಸೋವಿಯತ್ ಸರ್ಕಾರ ಅದನ್ನು ಮುಚ್ಚಿಡಲಿಲ್ಲ. ಲೇಖಕ ಗಾರ್ಕಿಯ ಮೂಲಕ ಲೋಕದ ಮುಂದೆ ಕೈಚಾಚಿತು. ನಾರ್ವೆಯ ನಾನ್ಸೆನ್, ಹೂವರ್ ನಡೆಸುತ್ತಿದ್ದ ಅಮೆರಿಕದ ಪರಿಹಾರ ಸಂಸ್ಥೆ ನೆರವಿಗೆ ಬಂದವು. ನೆರವಿಗೆ ಹಣ ಬೇಕು, ಹಣಕ್ಕೆ ಚಿತ್ರ ಬೇಕು. ಕ್ಯಾಮರಾಗಳು ಸಲೀಸಾಗಿ ಓಡಾಡಿದವು. ನಾನ್ಸೆನ್ ಯುರೋಪಿನ ಸಭೆಗಳಲ್ಲಿ ಆ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ಭಾಷಣ ಮಾಡಿದ. 1933ರಲ್ಲಿ ಹಸಿವೇ ಇಲ್ಲ ಎಂಬುದು ಸರ್ಕಾರದ ಮಾತಾದ್ದರಿಂದ ಚಿತ್ರಕ್ಕೆ ಅವಕಾಶವೇ ಇರಲಿಲ್ಲ. ಹೀಗಾಗಿ ಒಪ್ಪಿಕೊಂಡ ಕ್ಷಾಮದ ಫೋಟೋ ರಾಶಿ ಬಿದ್ದಿದೆ, ಒಪ್ಪಿಕೊಳ್ಳದ ಕ್ಷಾಮದ್ದು ಬೆರಳೆಣಿಕೆ. ಖಾಲಿ ಜಾಗಕ್ಕೆ ಪಕ್ಕದ ರಾಶಿಯಿಂದ ತುಂಬಿಸಿದರು. ಮೊದಮೊದಲು ತಿಳಿದು, ಆಮೇಲೆ ತಿಳಿಯದೆ.

ಅತಿ ಕೆಟ್ಟ ಏಟು 1935ರಲ್ಲಿ ಬಿತ್ತು. ಆ ಜನವರಿ 12ರಿಂದ ಮೂರು ದಿನ ಅಮೆರಿಕದ ಹರ್ಸ್ಟ್ ಪತ್ರಿಕೆಗಳಲ್ಲಿ ಜೋನ್ಸ್‌ನ ಲೇಖನಗಳು ಬಂದವು. ಕಂಡದ್ದನ್ನೇ ಮತ್ತೆ ಹೇಳಿದ್ದ. ಮರುತಿಂಗಳು ಅದೇ ಪತ್ರಿಕೆಗಳಲ್ಲಿ ಥಾಮಸ್ ವಾಕರ್ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡ ಫೋಟೋಗಳು ಬಂದವು, ಜೀವದ ಹಂಗು ತೊರೆದು ಉಕ್ರೇನಿನಲ್ಲಿ ತೆಗೆದವು ಎಂಬ ತಲೆಬರಹದೊಂದಿಗೆ. ಲೂಯಿ ಫಿಶರ್ ಎಂಬ ಪತ್ರಕರ್ತ ವಾಕರ್‌ನ ವೀಸಾ ದಿನಾಂಕಗಳನ್ನು ತೆಗೆಸಿ ನೋಡಿದ. 1934ರ ಶರತ್ಕಾಲದಲ್ಲಿ ಕೆಲವು ದಿನ ಮಾಸ್ಕೋದಲ್ಲಿದ್ದು ರೈಲು ಹತ್ತಿ ಪೂರ್ವಕ್ಕೆ ಹೋದವನು ಉಕ್ರೇನಿಗೆ ಕಾಲೇ ಇಟ್ಟಿರಲಿಲ್ಲ. ಅಸಲು ಹೆಸರು ರಾಬರ್ಟ್ ಗ್ರೀನ್, ಜೈಲಿನಿಂದ ತಪ್ಪಿಸಿಕೊಂಡವನು. ಚಿತ್ರಗಳಲ್ಲಿ ಹಲವು ಹಳೆಯ ವೋಲ್ಗಾ ಕ್ಷಾಮದವು. ಫಿಶರ್ ಹೇಳಿದ್ದು ಸರಿಯಾಗಿತ್ತು. ಆದರೆ ಫೋಟೋ ಸುಳ್ಳಾದ ಮೇಲೆ ಕ್ಷಾಮವೂ ಸುಳ್ಳು ಎನ್ನುವವರಿಗೆ ಒಂದು ಕೈದೀವಿಗೆ ಸಿಕ್ಕಿತು. 1987ರಲ್ಲಿ, ಶೀತಲ ಸಮರ ಮುಗಿಯುವ ಹೊತ್ತಿನಲ್ಲೂ, ಇದೇ ತಪ್ಪು ಚಿತ್ರಗಳನ್ನು ಮುಂದಿಟ್ಟು ಕ್ಷಾಮವನ್ನೇ ಅಲ್ಲಗಳೆಯುವ ಪುಸ್ತಕ ಕೆನಡಾದಲ್ಲಿ ಬಂತು. ಬರಿಗೈಯಲ್ಲಿ ಬಂದು ನಿಜ ಹೇಳಿದವನ ಮಾತು ಹೀಗೆ ಕೈತುಂಬ ಚಿತ್ರ ತಂದವನ ಸುಳ್ಳಿನ ಕೆಳಗೆ ಹೂತುಹೋಯಿತು.

ವಾಕರ್‌ನ ಚಿತ್ರಗಳು ಬಂದ ಮೇಲೆ ಜೋನ್ಸ್ ಹೆಚ್ಚು ದಿನ ಬದುಕಲಿಲ್ಲ. ಅದೇ 1935ರಲ್ಲಿ ಜಪಾನ್ ಸುತ್ತಿ ಚೀನಾದ ಒಳ ಮಂಗೋಲಿಯಾಕ್ಕೆ ಹೋದವನನ್ನು ಜುಲೈ ಕೊನೆಗೆ ಡಕಾಯಿತರು ಹಿಡಿದರು. ಜತೆಗಿದ್ದ ಜರ್ಮನ್ ಪತ್ರಕರ್ತ ಹರ್ಬರ್ಟ್ ಮ್ಯೂಲರ್‌ನನ್ನು ಎರಡು ದಿನಕ್ಕೆ ಬಿಟ್ಟರು. ಜೋನ್ಸ್‌ನನ್ನು ಆಗಸ್ಟ್ 12ರಂದು ಗುಂಡಿಟ್ಟು ಕೊಂದರು, ಮೂವತ್ತನೇ ಹುಟ್ಟುಹಬ್ಬದ ಹಿಂದಿನ ದಿನ. ಅವರು ಹೋಗುತ್ತಿದ್ದ ವಾಹನ ಕೊಟ್ಟ ವ್ಯಾಪಾರ ಸಂಸ್ಥೆಗೆ ಸೋವಿಯತ್ ಗುಪ್ತಚರ ನಂಟಿತ್ತು ಎಂದು ಆಮೇಲೆ ಗೊತ್ತಾಯಿತು. ಅದರ ಮೇಲೆ ಬೇಕಾದಷ್ಟು ಊಹೆಗಳಿವೆ. ಊಹೆಗಳನ್ನು ಇಲ್ಲಿಗೇ ಬಿಡೋಣ.

ಆಮೇಲಿನ ಐವತ್ತಕ್ಕೂ ಹೆಚ್ಚು ವರ್ಷ ಮೌನ. 1990ರ ದಶಕದಲ್ಲಿ ಬ್ಯಾರಿಯ ಮನೆಯಲ್ಲಿ ಅವನ ಸೋದರಿಯ ಮಗಳು ಸಿರಿಯೋಲ್ ಕಾಲಿ ಎಂಬಾಕೆಗೆ ಹಳೆಯ ದಿನಚರಿ, ಪತ್ರಗಳು ಸಿಕ್ಕವು. ಆಕೆ, ಆಕೆಯ ಮಗ ಸೇರಿ ಅಕ್ಷರಕ್ಷರ ಬಿಡಿಸಿ ಪ್ರಕಟಿಸಿದರು. 2006ರಲ್ಲಿ ಅಬೆರಿಸ್ಟ್‌ವಿತ್‌ನಲ್ಲಿ ಇಂಗ್ಲಿಷ್, ವೆಲ್ಶ್, ಉಕ್ರೇನಿಯನ್ ಮೂರೂ ಭಾಷೆಯ ಫಲಕ ಏರಿತು. 2009ರಲ್ಲಿ ದಿನಚರಿಗಳು ಕೇಂಬ್ರಿಜ್‌ನಲ್ಲಿ ಪ್ರದರ್ಶನಕ್ಕೆ ಬಂದವು. ಈಗ ಕಾಗದಪತ್ರಗಳು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ದಿನಚರಿಗಳನ್ನು ಕೂತಲ್ಲೇ ತೆರೆದು ನೋಡಬಹುದು. 2019ರಲ್ಲಿ ಸಿನಿಮಾವೂ ಬಂತು. ಅವನು ಕಾಣದ್ದನ್ನೂ, ನರಮಾಂಸ ತಿನ್ನುವುದನ್ನೂ, ಅವನ ಕಣ್ಣಿಗೆ ತೋರಿಸಿದ್ದಾರೆಂದು ಕುಟುಂಬದವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಅಭಿಮಾನದ ಕೈಯಲ್ಲೂ ಅದೇ ಚಟ: ಇದ್ದದ್ದು ಸಾಲದು, ಇನ್ನಷ್ಟು ಕಾಣಿಸಬೇಕು.

ಈ ಚಟ ಅಲ್ಲಿನವರದಷ್ಟೇ ಅಲ್ಲ. ನಮ್ಮ ಧಾತು ಈಶ್ವರ ಬರದ, ಅಂದರೆ 1876–78ರ ಕ್ಷಾಮದ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಎಲುಬುಗೂಡುಗಳ ಚಿತ್ರ ನಮ್ಮ ಫೋನುಗಳಿಗೆ 1943ರ ಬಂಗಾಳದ ಚಿತ್ರವಾಗಿ ಬರುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಉಕ್ರೇನಿನ ಸರ್ಕಾರಿ ವಲಯವೂ ಎಡವಿದ್ದುಂಟು. 2009ರಲ್ಲಿ ಸೆವಾಸ್ಟೊಪೋಲ್‌ನ ಅಧಿಕೃತ ಪ್ರದರ್ಶನದಲ್ಲಿ ಅಮೆರಿಕದ ಆರ್ಥಿಕ ಕುಸಿತದ ಕಾಲದ ಫೋಟೋ ನುಸುಳಿತ್ತು. ಹಾಗೆಂದೇ ಈಚೆಗೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ನಿಜವಾದ ಚಿತ್ರಗಳನ್ನು ಒಂದೊಂದಾಗಿ ಪತ್ತೆ ಹಚ್ಚಿ, ತೆಗೆದವರು ಯಾರು, ಮೊದಲು ಅಚ್ಚಾದದ್ದೆಲ್ಲಿ ಎಂದು ಪಟ್ಟಿ ಮಾಡಿದ್ದಾರೆ.

ಅದರಲ್ಲಿ ಮುಖ್ಯವಾದವು ಅಲೆಕ್ಸಾಂಡರ್ ವೀನರ್ಬರ್ಗರ್‌ನವು. ಖಾರ್ಕಿವ್‌ನಲ್ಲಿ ಕೆಲಸಕ್ಕಿದ್ದ ಆಸ್ಟ್ರಿಯಾದ ಎಂಜಿನಿಯರ್. 1933ರಲ್ಲಿ ಕದ್ದುಮುಚ್ಚಿ ತೆಗೆದ ಚಿತ್ರಗಳು ರಾಜತಾಂತ್ರಿಕ ಚೀಲದಲ್ಲಿ ಗಡಿ ದಾಟಿ ವಿಯೆನ್ನಾದ ಕಾರ್ಡಿನಲ್ ಇನ್ನಿಟ್ಸರ್ ಕೈ ಸೇರಿದವು. ವೋಲ್ಗಾದ ಚಿತ್ರಗಳ ಹಾಗೆ ಇವು ಎದೆ ಒಡೆಯುವುದಿಲ್ಲ. ಅಂಗಡಿ ಮುಂದೆ ಸಾಲು. ಪಟ್ಟಣದ ಕಾಲುದಾರಿಯ ಮೇಲೆ ಒಬ್ಬ ಬಿದ್ದಿದ್ದಾನೆ, ಪಕ್ಕದಲ್ಲೇ ಜನ ನಡೆದು ಹೋಗುತ್ತಿದ್ದಾರೆ. ಯಾರೂ ಬಗ್ಗಿ ನೋಡುತ್ತಿಲ್ಲ. ಅಷ್ಟೇ. ಆದ್ದರಿಂದಲೇ ಇರಬೇಕು, ಹಂಚಿಕೊಳ್ಳುವವರ ಕಣ್ಣಿಗೆ ಇವು ಬೀಳುವುದು ಕಡಿಮೆ.

ಇನ್ನೊಂದು ಇದಕ್ಕಿಂತ ಸಪ್ಪೆಯ ಚಿತ್ರ. ಚೆರ್ನಿಹಿವ್ ಸೀಮೆಯ ಬಟೂರಿನ್ ಎಂಬ ಊರಿನ ಛಾಯಾಗ್ರಾಹಕ ಮೈಕೊಲಾ ಬೊಕಾನ್ ತನ್ನ ಸಂಸಾರವನ್ನು ಊಟದ ಮೇಜಿನ ಸುತ್ತ ಕೂರಿಸಿ ತೆಗೆದದ್ದು. ಮಗನೊಬ್ಬ ಆ ವರ್ಷವೇ ಹಸಿವಿನಿಂದ ಸತ್ತ. 1937ರಲ್ಲಿ ಬೊಕಾನ್‌ನನ್ನು ಬಂಧಿಸಿದರು, ಅವನು ಶಿಬಿರದಿಂದ ವಾಪಸು ಬರಲಿಲ್ಲ. ಫೋಟೋಗಳು ಅಪರಾಧದ ಸಾಕ್ಷಿಯಾಗಿ ಪೊಲೀಸರ ಕಡತದಲ್ಲಿ ದಶಕಗಟ್ಟಲೆ ಭದ್ರವಾಗಿ ಉಳಿದವು. ಚಿತ್ರದಲ್ಲಿ ಯಾರೂ ಎಲುಬಾಗಿ ಕಾಣುವುದಿಲ್ಲ, ಎಲ್ಲರೂ ಸುಮ್ಮನೆ ಕೂತಿದ್ದಾರೆ. ಅಡಿಬರಹ ಅವನದೇ ಕೈಯದು: ಬಡ ಊಟದ ಜತೆಗೆ ರೊಟ್ಟಿಯ ಚೂರೂ ಇಲ್ಲದೆ 300 ದಿನ. ದಿನಾಂಕ 1933ರ ಏಪ್ರಿಲ್ 2, ಹಸಿವಿನ ಸಾವಿಲ್ಲ ಎಂಬ ಲೇಖನ ನ್ಯೂಯಾರ್ಕ್‌ನಲ್ಲಿ ಅಚ್ಚಾಗಿ ಎರಡು ದಿನವಾಗಿತ್ತು.