ಚಂದ್ರನ ಮೇಲೆ ಕಸೂತಿ ಇಳಿಯಲಿಲ್ಲ

ಅಪೊಲೊ 11ರ ಲಾಂಛನವನ್ನು ನೋಡದವರು ಕಡಿಮೆ. ಚಂದ್ರನ ಕುಳಿಗಳ ಮೇಲೆ ರೆಕ್ಕೆಯೆತ್ತಿ ಇಳಿಯುತ್ತಿರುವ ಹದ್ದು, ಅದರ ಉಗುರುಗಳಲ್ಲಿ ಆಲಿವ್ ರೆಂಬೆ, ಹಿಂದೆ ಕಪ್ಪು ಬಾನಿನಲ್ಲಿ ನೀಲಿ ಭೂಮಿ. ಇಂದಿಗೂ ಜನ ಕೊಂಡು ಜಾಕೆಟ್ಟಿಗೆ ಹೊಲಿಸಿಕೊಳ್ಳುವುದು ಅದರ ಕಸೂತಿ ಪ್ಯಾಚನ್ನು. ಆದರೆ 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ನಡೆದಾಗ ಅವರ ಎದೆಯ ಮೇಲಿದ್ದದ್ದು ಕಸೂತಿಯಲ್ಲ, ಗಾಜಿನ ಬಟ್ಟೆಯ ಮೇಲೆ ಅಚ್ಚೊತ್ತಿದ ಚಿತ್ರ.

ಅದಕ್ಕೆ ಕಾರಣ ಬೆಂಕಿ. 1967ರ ಜನವರಿ 27ರಂದು ಅಪೊಲೊ 1ರ ನೆಲದ ಪರೀಕ್ಷೆಯಲ್ಲಿ ಶುದ್ಧ ಆಮ್ಲಜನಕ ತುಂಬಿದ್ದ ಕೋಶಕ್ಕೆ ಬೆಂಕಿ ಹೊತ್ತಿ ಗ್ರಿಸಮ್, ವೈಟ್, ಚಾಫಿ ಮೂವರೂ ತೀರಿಕೊಂಡರು. ಅಂಥ ಗಾಳಿಯಲ್ಲಿ ನೈಲಾನ್ ಭಗ್ಗನೆ ಉರಿಯುತ್ತದೆ. ಆಮೇಲೆ ಸೂಟಿನ ಹೊರಪದರಕ್ಕೆ ಬಂದದ್ದು ಬೀಟಾ ಬಟ್ಟೆ: ಕೂದಲಿಗಿಂತ ಎಷ್ಟೋ ಸಪೂರವಾದ ಗಾಜಿನ ಎಳೆಗಳಿಗೆ ಟೆಫ್ಲಾನ್ ಲೇಪಿಸಿ ನೇಯ್ದದ್ದು. ಲಾಂಛನವನ್ನೂ ಅದರ ಮೇಲೆಯೇ ಮುದ್ರಿಸಿದರು. ಕಸೂತಿ ಭೂಮಿಯ ಮೇಲಿನ ಉಡುಪಿಗೆ ಉಳಿಯಿತು.

ಚಿತ್ರ ಬಿಡಿಸಿದವರು ಮೂರನೆಯ ಯಾತ್ರಿ ಮೈಕೆಲ್ ಕಾಲಿನ್ಸ್. ಹದ್ದು ಇರಲಿ ಎಂದವರು ಬದಲಿ ತಂಡದ ಜಿಮ್ ಲವೆಲ್. ಕಾಲಿನ್ಸ್ ಪಕ್ಷಿಗಳ ಪುಸ್ತಕವೊಂದರಿಂದ ಹದ್ದನ್ನು ತೆಳುಕಾಗದದ ಮೇಲೆ ನಕಲಿಳಿಸಿಕೊಂಡರು. ಮೊದಲು ಆಲಿವ್ ರೆಂಬೆ ಕೊಕ್ಕಿನಲ್ಲಿತ್ತು. ಖಾಲಿ ಉಗುರುಗಳು ಎರಗುವಂತೆ ಕಾಣುತ್ತವೆಂದು ಮೇಲಿನವರು ಆಕ್ಷೇಪಿಸಿದ ಮೇಲೆ ಅದು ಉಗುರಿಗೆ ಇಳಿಯಿತು. ಸಂಖ್ಯೆ ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ಹೊರದೇಶದವರಿಗೆ ತಿಳಿಯದೆಂದು ಆರ್ಮ್‌ಸ್ಟ್ರಾಂಗ್ ಒಪ್ಪಲಿಲ್ಲ, ಹಾಗಾಗಿ 11 ಅಂಕಿಯಾಗಿಯೇ ಬಂತು. ಮೂವರ ಹೆಸರನ್ನೂ ಕೈಬಿಟ್ಟರು, ಈ ಯಾನಕ್ಕೆ ದುಡಿದ ಎಲ್ಲರದೂ ಆಗಿರಲಿ ಎಂದು. ನನ್ನ ಮಟ್ಟಿಗೆ ಲಾಂಛನಗಳ ಚರಿತ್ರೆಯಲ್ಲೇ ಅದು ಅತ್ಯಂತ ಉದಾರವಾದ ನಿರ್ಧಾರ.

ಒಂದು ತಪ್ಪೂ ಉಳಿದುಹೋಯಿತು. ಯಾನಿಗಳು ಇಳಿದದ್ದು ಚಂದ್ರನ ಸಮಭಾಜಕದ ಹತ್ತಿರ, ಅಲ್ಲಿನ ಬೆಳಗಿನ ಹೊತ್ತು. ಅಲ್ಲಿ ಸೂರ್ಯನೂ ಭೂಮಿಯೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ನೆತ್ತಿಯ ಮೇಲೆ ಹಾಯುವ ಒಂದೇ ಕಮಾನಿನ ಮೇಲಿರುತ್ತವೆ. ಸೂರ್ಯ ಪೂರ್ವದ ಅಂಚಿನಲ್ಲಿ, ಭೂಮಿ ಪಶ್ಚಿಮಕ್ಕೆ ವಾಲಿ. ಆದ್ದರಿಂದ ಭೂಮಿಯ ಬೆಳಕಿಲ್ಲದ ಭಾಗ ಕೆಳಗಡೆ ಇರಬೇಕಿತ್ತು, ಪ್ಯಾಚಿನಲ್ಲಿ ಅದು ಎಡಕ್ಕಿದೆ.

ಹೆಸರು ಬಿಟ್ಟದ್ದರಿಂದ ಕಸೂತಿಗೂ ಲಾಭವಾಯಿತು. ಈ ಪ್ಯಾಚುಗಳು ಸುಮಾರು ಹತ್ತು ಸೆಂಟಿಮೀಟರ್ ಅಗಲ. ಕಾಗದದ ಮೇಲೆ ಗೆರೆ ಎಷ್ಟು ಬೇಕಾದರೂ ಸಣ್ಣದಾಗಬಹುದು, ದಾರಕ್ಕೆ ತನ್ನದೇ ದಪ್ಪವಿದೆ. ಯಂತ್ರದ ಕಸೂತಿಯಲ್ಲಿ ಎಳೆಯಿಂದ ಎಳೆಗೆ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು ಅಂತರ. ಅಕ್ಷರ ಐದು ಮಿ.ಮೀ.ಗಿಂತ ಚಿಕ್ಕದಾದರೆ ಓದಲು ಕಷ್ಟ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಪ್ರತಿ ಹೊಲಿಗೆಯೂ ಬಟ್ಟೆಯನ್ನು ತನ್ನ ದಿಕ್ಕಿಗೆ ಒಂದಿಷ್ಟು ಜಗ್ಗುತ್ತದೆ, ಹಾಗಾಗಿ ಕಂಪ್ಯೂಟರಿನಲ್ಲಿ ಸರಿಯಾದ ವೃತ್ತ ಬಿಡಿಸಿದರೆ ಬಟ್ಟೆಯ ಮೇಲೆ ಮೊಟ್ಟೆಯಾಕಾರ ಬರುತ್ತದೆ. ದುಂಡಾದ ಚಂದ್ರ ಬೇಕಿದ್ದವರು ಹೊಲಿಗೆಯ ದಿಕ್ಕಿನಲ್ಲಿ ಕೊಂಚ ಹಿಗ್ಗಿಸಿಯೇ ಬಿಡಿಸಬೇಕು.

ಕೋನಗಳನ್ನು ಮಾತ್ರ ದಾರ ಚೆನ್ನಾಗಿ ಹಿಡಿದಿಡುತ್ತದೆ. ಕಲ್ಪನಾ ಚಾವ್ಲಾ ಕೊನೆಯ ಬಾರಿ ಹಾರಿದ ಎಸ್‌ಟಿಎಸ್-107ರ ಪ್ಯಾಚಿನಲ್ಲಿ ಗಗನಯಾತ್ರಿಗಳ ಚಿಹ್ನೆ ಭೂಮಿಯ ಅಂಚಿಗೆ 39 ಡಿಗ್ರಿ ಓರೆಯಾಗಿದೆ. ಕೊಲಂಬಿಯಾ ನೌಕೆಯ ಕಕ್ಷೆ ಭೂಮಿಯ ಸಮಭಾಜಕಕ್ಕೆ ಬಾಗಿದ್ದದ್ದೂ ಅಷ್ಟೇ. ಅದರಲ್ಲಿರುವ ಏಳು ನಕ್ಷತ್ರಗಳು ಪಾರಿವಾಳದ ಹೆಸರಿನ ಕೊಲಂಬಾ ನಕ್ಷತ್ರಪುಂಜವನ್ನೂ ಏಳು ಯಾತ್ರಿಗಳನ್ನೂ ಒಟ್ಟಿಗೆ ಹೇಳುತ್ತವೆ.

ಗಗನಯಾನದ ಯಾತ್ರಿಗಳು ಬೆಂಗಳೂರಿನಲ್ಲಿ ತರಬೇತಿ ಪಡೆದವರು. ಅವರ ಲಾಂಛನದಲ್ಲಿ ನಮ್ಮ ನಾಡಿನ ಲಿಪಿಗಳೂ ಕಾಣಲಿ ಎಂಬುದು ನನ್ನ ಮನಸಾರೆ ಆಸೆ. ಸೂಜಿಗೆ ಅದು ಸುಲಭದ ಕೆಲಸವಲ್ಲ. ಕನ್ನಡದ ಸುಳಿಗಳು ಚಿಕ್ಕ ಗಾತ್ರದಲ್ಲಿ ದಾರ ತುಂಬಿ ಮುಚ್ಚಿಹೋಗುತ್ತವೆ, ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ. ಅಕ್ಷರ ದೊಡ್ಡದಾಗಬೇಕು, ಅದಕ್ಕೆ ಜಾಗ ಬಿಡಲು ಚಿತ್ರದಿಂದ ಏನನ್ನಾದರೂ ತೆಗೆಯಬೇಕು. ಏನನ್ನು ತೆಗೆಯುವುದೆಂದು ಹಾರುವವರೇ ಕೂತು ತೀರ್ಮಾನಿಸಲಿ.