ಬಟಾಣಿಯಿಂದ ಆಗೋ ಪ್ರೋಟೀನ್ ಪುಡಿ ನಮ್ಮ ತೊಗರಿಯಿಂದ ಯಾಕ ಆಗಬಾರದ್ರಿ?

ಪ್ರಶ್ನೆ: ನಾವು ಆಳಂದ ಕಡೆಯವರು. ಹೊಲದಾಗ ವರ್ಷಾ ತೊಗರಿ ಬೆಳೀತೀವಿ. ಮಗ ಕಲಬುರಗ್ಯಾಗ ಓದ್ಲಾಕ ಇದ್ದಾನ, ಜಿಮ್‌ಗೆ ಹೋಗ್ತಾನ. ತಿಂಗಳಿಗೊಂದು ಪ್ರೋಟೀನ್ ಪುಡಿ ಡಬ್ಬಿ ತರ್ತಾನ. ಡಬ್ಬಿ ಮ್ಯಾಗ ‘ಬಟಾಣಿ ಪ್ರೋಟೀನ್ ಐಸೊಲೇಟ್’ ಅಂತ ಬರದದ. ಬಟಾಣಿಯಿಂದ ಆಗೋದು ನಮ್ಮ ತೊಗರಿಯಿಂದ ಯಾಕ ಆಗಬಾರದ್ರಿ? ಬ್ಯಾಳಿ ಬೀಸಿ ಹಾಲಾಗ ಕಲಸಿ ಕುಡದ್ರ ನಡೀತದೇನು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮೇಲಿಂದ ಮೇಲೆ ಬರುತ್ತದೆ. ಸೇಡಂ, ಚಿತ್ತಾಪುರದವರು ತೊಗರಿ ಬಗ್ಗೆ ಕೇಳುತ್ತಾರೆ, ಭಾಲ್ಕಿ, ಔರಾದದವರು ಸೋಯಾ ಬಗ್ಗೆ ಕೇಳುತ್ತಾರೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ತೊಗರಿಯಿಂದ ಪ್ರೋಟೀನ್ ಖಂಡಿತ ತೆಗೆಯಬಹುದು. ಆದರೆ ಬೇಳೆ ಬೀಸಿದ ಹಿಟ್ಟು ಪ್ರೋಟೀನ್ ಪುಡಿ ಅಲ್ಲ, ಅದನ್ನು ಹಸಿಯಾಗಿ ಹಾಲಿಗೆ ಹಾಕಿ ಕುಡಿಯಲೂ ಬಾರದು. ಮೂರನೆಯದು ನನ್ನ ಗಟ್ಟಿ ಅಭಿಪ್ರಾಯ: ಪ್ರೋಟೀನ್ ತೆಗೆಯುವುದೇ ಆದರೆ ಊಟದ ಬೇಳೆಯಿಂದ ಬೇಡ, ನಮ್ಮ ದಾಲ್ ಮಿಲ್ಲುಗಳಲ್ಲಿ ಉದುರಿ ದನದ ಪಾಲಾಗುವ ನುಚ್ಚು, ಚುನ್ನಿಯಿಂದ (ಬೇಳೆಯ ಪುಡಿ, ಹೊಟ್ಟು ಬೆರೆತದ್ದು) ತೆಗೆಯಬೇಕು.

ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಪಿಷ್ಟ, ಜೊತೆಗೆ ನಾರು, ಸ್ವಲ್ಪ ತೇವ, ತೀರಾ ಕಡಿಮೆ ಎಣ್ಣೆ. ನೀವು ಎಷ್ಟೇ ನುಣ್ಣಗೆ ಬೀಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಮಗ ತರುವ ಡಬ್ಬಿಯಲ್ಲಿ ನೂರಕ್ಕೆ 80ರ ಆಸುಪಾಸು ಪ್ರೋಟೀನ್ ಇದೆ ಎಂದರೆ, ಅಲ್ಲಿಂದ ಪಿಷ್ಟ, ನಾರುಗಳನ್ನು ಯಾರೋ ಹೊರಗೆ ತೆಗೆದಿದ್ದಾರೆ. ‘ಐಸೊಲೇಟ್’ ಎಂಬ ಮಾತಿನ ಅರ್ಥ ಅಷ್ಟೇ, ಬೇರ್ಪಡಿಸಿದ್ದು. ‘ಕಾನ್ಸಂಟ್ರೇಟ್’ ಎಂದು ಬರೆದಿದ್ದರೆ ಅರ್ಧಮರ್ಧ ಬೇರ್ಪಡಿಸಿದ್ದು. ಬೇಳೆಕಾಳಿನದಾದರೆ ಅದರಲ್ಲಿ ಪ್ರೋಟೀನ್ ಶೇಕಡಾ 50ರಿಂದ 65ರವರೆಗೆ ಇರುತ್ತದೆ.

ಬೇರ್ಪಡಿಸುವುದು ಹೇಗೆ ಎಂಬುದನ್ನು ಅಡುಗೆಮನೆಯಲ್ಲೇ ಕಣ್ಣಾರೆ ನೋಡಬಹುದು. ನಾನು ಮಾಡಿ ನೋಡಿದ್ದೇನೆ. ನೂರು ಗ್ರಾಂ ತೊಗರಿ ನುಚ್ಚನ್ನು ಹುರಿಯದೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. ಒಂದು ಲೀಟರ್ ನೀರಿಗೆ ಈ ಹಿಟ್ಟು, ಕಾಲು ಚಮಚ ಅಡುಗೆ ಸೋಡಾ ಹಾಕಿ ಅರ್ಧ ತಾಸು ಆಗಾಗ ಕಲಕುತ್ತಿರಿ. ಆಮೇಲೆ ಒಂದು ತಾಸು ಮುಟ್ಟದೆ ಬಿಡಿ. ತಳದಲ್ಲಿ ಬೆಳ್ಳನೆಯ ಗಟ್ಟಿ ಪದರ ಕೂರುತ್ತದೆ. ಬೆರಳಿನಿಂದ ಒತ್ತಿದರೆ ಕರ್ ಎನ್ನುವ ಅದು ಪಿಷ್ಟ. ಮೇಲಿನ ನೀರು ತೆಳು ಹಳದಿ ಹಾಲಿನಂತಿರುತ್ತದೆ. ಪ್ರೋಟೀನ್ ಇರುವುದು ಆ ನೀರಿನಲ್ಲಿ.

ಆ ನೀರನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ, ನಿಂಬೆರಸ ಹನಿಹನಿಯಾಗಿ ಹಿಂಡುತ್ತ ಹೋಗಿ. ಮೊದಲು ಬುರುಬುರು ನೊರೆ ಏಳುತ್ತದೆ, ಅದು ಸೋಡಾದ ಆಟ. ಅದು ಇಳಿದ ಮೇಲೂ ಹಿಂಡುತ್ತಿದ್ದರೆ ಒಂದು ಹಂತದಲ್ಲಿ ನೀರಿನ ತುಂಬ ಹಿಂಜಿದ ಅರಳೆಯಂಥ ಎಳೆಗಳು ಕಾಣಿಸಿಕೊಳ್ಳುತ್ತವೆ. ನೋಡನೋಡುತ್ತ ಒಂದಕ್ಕೊಂದು ಅಂಟಿ ಕೆಳಗಿಳಿಯುತ್ತವೆ. ಮೇಲಿನ ನೀರು ತಿಳಿಯಾಗುತ್ತದೆ. ತಳದಲ್ಲಿ ಕೂತ ಆ ಮೆತ್ತನೆಯ ಮುದ್ದೆಯೇ ತೊಗರಿಯ ಪ್ರೋಟೀನ್. ಇದು ನೋಡುವುದಕ್ಕೆ ಮಾಡಿದ್ದು, ಬೇಯಿಸದ ಮುದ್ದೆಯನ್ನು ಬಾಯಿಗೆ ಹಾಕಿಕೊಳ್ಳಬೇಡಿ.

ಮೊದಲ ಸಲ ನಾನು ಹುರಿದ ಬೇಳೆಯನ್ನು ಬೀಸಿ ಮಾಡಿದ್ದೆ. ಎರಡು ನಿಂಬೆಹಣ್ಣು ಖರ್ಚಾದರೂ ಇಳಿದದ್ದು ಎಲ್ಲೋ ಒಂದಿಷ್ಟು. ಕಾರಣ ಆಮೇಲೆ ಹೊಳೆಯಿತು. ಬಿಸಿ ತಾಗಿದ ಪ್ರೋಟೀನ್ ಮಡಿಕೆ ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ನೀರಿನಲ್ಲಿ ಕರಗುವ ಗುಣ ಕಳೆದುಕೊಳ್ಳುತ್ತದೆ. ಕರಗದೆ ಪಿಷ್ಟದ ಜೊತೆ ತಳಕ್ಕೇ ಹೋಗಿಬಿಟ್ಟಿತ್ತು. ಹೀಗಾಗಿ ಪ್ರೋಟೀನ್ ತೆಗೆಯುವವರು ಬಿಸಿ ಕಾಣದ ಕಾಳು, ಬಿಸಿ ಕಾಣದ ಹಿಟ್ಟನ್ನೇ ಹುಡುಕುತ್ತಾರೆ.

ಸೋಡಾದಲ್ಲಿ ಕರಗಿದ್ದು ನಿಂಬೆಗೆ ಯಾಕೆ ಒಡೆಯಿತು? ಪ್ರೋಟೀನಿನ ಮೈಮೇಲೆ ವಿದ್ಯುತ್ತಿನ ಧನ, ಋಣ ಅಂಶಗಳಿರುತ್ತವೆ. ನೀರು ಕ್ಷಾರವಾದಾಗ ಋಣದ ಕೈ ಮೇಲಾಗಿ ಕಣಗಳೆಲ್ಲ ಒಂದನ್ನೊಂದು ದೂಡುತ್ತ ನೀರಿನಲ್ಲಿ ಹರಡಿಕೊಳ್ಳುತ್ತವೆ. ಹುಳಿ ಹೆಚ್ಚುತ್ತ ಪಿಎಚ್ (ಹುಳಿ, ಕ್ಷಾರ ಎಷ್ಟೆಂದು ಹೇಳುವ ಅಂಕಿ) 4.5ರ ಹತ್ತಿರ ಬಂದಾಗ ಎರಡೂ ಸರಿಸಮ. ದೂಡುವ ಬಲ ಇಲ್ಲ, ಅಂಟಿಕೊಂಡು ಕೂರುತ್ತವೆ. ಹುಳಿ ಹಿಂಡಿ ಹಾಲು ಒಡೆಯುವಾಗ ನಡೆಯುವುದೂ ಇದೇ, ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್‌ಗೆ ಆ ಬಿಂದು 4.6.

ಕಾರ್ಖಾನೆಯಲ್ಲಿ ಸೋಡಾದ ಬದಲು ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಅನ್ನು 8ರಿಂದ 10ರ ನಡುವೆ ನಿಲ್ಲಿಸುತ್ತಾರೆ. ನಿಂಬೆಯ ಬದಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ತಾಸು ಕಾಯುವ ಬದಲು ಗರಗರ ತಿರುಗುವ ಸೆಂಟ್ರಿಫ್ಯೂಜ್. ಇಳಿದ ಮುದ್ದೆಯನ್ನು ತೊಳೆದು, ಹುಳಿ ಹೋಗಿಸಿ, ತೆಳ್ಳಗೆ ಮಾಡಿ, ಬಿಸಿ ಗಾಳಿಯ ದೊಡ್ಡ ಗೋಪುರದಂಥ ಸ್ಪ್ರೇ ಡ್ರೈಯರ್‌ನಲ್ಲಿ ಸಿಂಪಡಿಸುತ್ತಾರೆ. ಹನಿ ಕೆಳಗೆ ಬೀಳುವಷ್ಟರಲ್ಲಿ ನೀರೆಲ್ಲ ಹಾರಿ ಪುಡಿಯಾಗಿರುತ್ತದೆ. ಹಾಲಿನ ಪುಡಿ ಮಾಡುವ ಯಂತ್ರವೂ ಇದೇ. ಕ್ಷಾರ ಮಿತಿ ಮೀರಿದರೆ ಲೈಸಿನ್‌ನಂಥ ಅಮೈನೊ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ) ಹಾಳಾಗುತ್ತದೆ, ಅದಕ್ಕೇ ಆ ಪಿಎಚ್ ಮೇಲೆ ಅಷ್ಟು ಕಣ್ಣು.

ನೀರಿಲ್ಲದ ದಾರಿಯೂ ಒಂದಿದೆ. ಹಿಟ್ಟನ್ನು ತೀರಾ ನುಣ್ಣಗೆ ಬೀಸಿ ಗಾಳಿಯಲ್ಲಿ ತೂರುವುದು. ಪಿಷ್ಟದ ಕಣ 20, 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇದ್ದರೆ ಪ್ರೋಟೀನಿನ ಕಣ 1ರಿಂದ 3 ಮೈಕ್ರಾನ್. ಹಗುರಾದದ್ದು ಗಾಳಿಯೊಡನೆ ಹೋಗುತ್ತದೆ, ಭಾರವಾದದ್ದು ಬೀಳುತ್ತದೆ. ಒಕ್ಕುವ ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರಿಂದ ಐಸೊಲೇಟ್ ಸಿಗುವುದಿಲ್ಲ, ಶೇಕಡಾ 50, 60ರ ಹಿಟ್ಟು ಸಿಗುತ್ತದೆ. ಆದರೆ ಆಮ್ಲ ಬೇಡ, ಕೊಳಕು ನೀರಿನ ತಾಪತ್ರಯ ಇಲ್ಲ, ಪ್ರೋಟೀನಿನ ಕರಗುವ ಗುಣವೂ ಉಳಿಯುತ್ತದೆ. ಬ್ಯಾಸಗಿಯಲ್ಲಿ ಕುಡಿಯುವ ನೀರಿಗೇ ಪರದಾಡುವ ನಮ್ಮ ಜಿಲ್ಲೆಗಳಿಗೆ ಈ ದಾರಿಯೇ ಒಪ್ಪುತ್ತದೆ ಎಂದು ನನಗೆ ಅನಿಸುತ್ತದೆ. ಒಂದು ಕಿಲೋ ಹಿಟ್ಟಿಗೆ ಹತ್ತು ಲೀಟರ್ ನೀರು ಎಂದರೆ ದಿನಕ್ಕೆ ಹತ್ತು ಟನ್ ಹಿಟ್ಟಿಗೆ ಒಂದು ಲಕ್ಷ ಲೀಟರ್ ಆಯಿತು.

ಆ ನೀರಿನ ಬಗ್ಗೆ ಇನ್ನೊಂದು ಮಾತು. ಹುಳಿ ಹಿಂಡಿದಾಗ ಎಲ್ಲ ಪ್ರೋಟೀನೂ ಇಳಿಯುವುದಿಲ್ಲ. ಆಲ್ಬುಮಿನ್ ಎಂಬ ಒಂದು ಬಗೆ ನೀರಿನಲ್ಲೇ ಉಳಿಯುತ್ತದೆ, ಸಕ್ಕರೆ ಅಂಶಗಳೂ ಅಲ್ಲೇ ಉಳಿಯುತ್ತವೆ. ಅದನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಕೊಳೆತು ನಾರುತ್ತದೆ. ನಮ್ಮ ಮನೆಗಳಲ್ಲಿ ಹೋಳಿಗೆಗೆ ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲುವುದುಂಟೇ? ಅದೇ ಕಟ್ಟಿನ ಸಾರು. ಬೇಳೆಯಿಂದ ನೀರಿಗೆ ಇಳಿದದ್ದೆಲ್ಲ ಅನ್ನದ ಜೊತೆ ಹೊಟ್ಟೆಗೇ ಸೇರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ, ಬಟಾಣಿಯೇ ಯಾಕೆ? ತೊಗರಿ ಪ್ರೋಟೀನ್ ಕೀಳು ಎಂದಲ್ಲ. ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಕುಲದ, ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳು. ವ್ಯತ್ಯಾಸ ಇರುವುದು ವ್ಯಾಪಾರದಲ್ಲಿ. ಹಳದಿ ಬಟಾಣಿಯನ್ನು ಕೆನಡಾದಂಥ ದೇಶಗಳು ಯಂತ್ರದಲ್ಲಿ ಬಿತ್ತಿ ಯಂತ್ರದಲ್ಲಿ ಕೊಯ್ದು ರಾಶಿಗಟ್ಟಲೆ, ಅಗ್ಗಕ್ಕೆ ಮಾರುತ್ತವೆ. ತೊಗರಿ ಹಾಗಲ್ಲ, ಅದು ನಮ್ಮಲ್ಲಿ ದಿನದ ಸಾರು, ಬೇಡಿಕೆ ಯಾವತ್ತೂ ಇದ್ದದ್ದೇ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ನೂರು ಕಿಲೋ ಬೇಳೆ ಹಿಟ್ಟಿನಲ್ಲಿ 22 ಕಿಲೋ ಪ್ರೋಟೀನ್ ಇದ್ದರೆ, ತೆಗೆಯುವಾಗ ಮೂರರಲ್ಲಿ ಎರಡು ಪಾಲು ಕೈಗೆ ಸಿಕ್ಕಿತು ಎಂದುಕೊಳ್ಳೋಣ. ಬಂದದ್ದು ಹದಿನೈದು ಕಿಲೋಗೂ ಕಡಿಮೆ. ಉಳಿದ ರಾಶಿ ಪಿಷ್ಟ, ನಾರಿಗೆ ಗಿರಾಕಿ ಇಲ್ಲದಿದ್ದರೆ ಖರ್ಚೆಲ್ಲ ಆ ಹದಿನೈದು ಕಿಲೋ ತಲೆಮೇಲೆ ಬೀಳುತ್ತದೆ. ಚೀನಾದಲ್ಲಿ ಹೆಸರುಕಾಳಿನ ಪಿಷ್ಟದಿಂದ ಗಾಜಿನಂಥ ಶ್ಯಾವಿಗೆ ಮಾಡುತ್ತಾರೆ, ಅಲ್ಲಿ ಪಿಷ್ಟವೇ ಮುಖ್ಯ ಸರಕು, ಪ್ರೋಟೀನ್ ಜೊತೆಗೆ ಬಂದದ್ದು. ಎರಡಕ್ಕೂ ಗಿರಾಕಿ ಇದ್ದಾಗ ಮಾತ್ರ ಈ ಉದ್ಯೋಗ ನಿಲ್ಲುತ್ತದೆ.

ಬೀದರಿನ ಸೋಯಾ ಕಥೆ ಬೇರೆ. ಸೋಯಾದಲ್ಲಿ ಪ್ರೋಟೀನ್ ಶೇಕಡಾ 36, 40ರಷ್ಟಿದ್ದು ಎಣ್ಣೆಯೂ ಶೇಕಡಾ 20ರ ಹತ್ತಿರ ಇರುತ್ತದೆ. ಹೆಕ್ಸೇನ್ ಎಂಬ ದ್ರಾವಕದಿಂದ ಎಣ್ಣೆ ತೆಗೆದರೆ ಉಳಿದ ಹಿಟ್ಟಿನಲ್ಲೇ ಅರ್ಧದಷ್ಟು ಪ್ರೋಟೀನ್. ಅದನ್ನು ಬಿಸಿಯಲ್ಲಿ, ಒತ್ತಡದಲ್ಲಿ ಎಕ್ಸ್‌ಟ್ರೂಡರ್‌ನಿಂದ ಹೊರಗೆ ನೂಕಿದರೆ ಉಬ್ಬಿ ಸೋಯಾ ಚಂಕ್ಸ್ ಆಗುತ್ತದೆ. ಎಣ್ಣೆಯ ದುಡ್ಡೇ ಅರ್ಧ ಖರ್ಚು ಹೊರುತ್ತದೆ.

ಇದೇನು ಹೊಸ ಆಲೋಚನೆಯಲ್ಲ. 1950ರಲ್ಲಿ ಮೈಸೂರಿನಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಮೊದಲ ವರ್ಷಗಳಲ್ಲೇ ಶೇಂಗಾ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ ಬಡಮಕ್ಕಳಿಗೆಂದು ಪೌಷ್ಟಿಕ ಆಹಾರ ರೂಪಿಸಿತ್ತು. ಶೇಂಗಾದಿಂದ ಬೇರ್ಪಡಿಸಿದ ಪ್ರೋಟೀನನ್ನು ಎಮ್ಮೆ ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಹಾಲನ್ನೂ ಮಾಡಿತ್ತು. ಎಣ್ಣೆ ತೆಗೆದ ಮೇಲೆ ಉಳಿದದ್ದನ್ನು ಮನುಷ್ಯರ ಊಟಕ್ಕೆ ತರುವ ಯೋಚನೆ ಅದು. ನಮ್ಮ ತೊಗರಿಗೂ ಅಂಥದೇ ಯೋಚನೆ ಬೇಕು.

ಕಪನೂರ ಕಡೆಯ ದಾಲ್ ಮಿಲ್ ಒಂದರಲ್ಲಿ ಅರ್ಧ ದಿನ ನಿಂತು ನೋಡಿದ್ದೆ. ತೊಗರಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಗುಡ್ಡೆ ಹಾಕಿ, ಬಿಸಿಲಿಗೆ ಹರವಿ, ಆಮೇಲೆ ಒರಟು ಕಲ್ಲಿನ ರೋಲರಿಗೆ ಬಿಡುತ್ತಾರೆ. ಒಂದೇ ಸಲಕ್ಕೆ ಸಿಪ್ಪೆ ಬಿಡುವ ಕಾಳಲ್ಲ ತೊಗರಿ, ಅಂಟು ಬಲು ಗಟ್ಟಿ. ಮತ್ತೆ ಮತ್ತೆ ಉಜ್ಜಬೇಕು. ಪ್ರತಿ ಉಜ್ಜಿಗೂ ಬೇಳೆಯ ಅಂಚು ಸವೆದು ಹಳದಿ ಪುಡಿ ಉದುರುತ್ತದೆ. ಹಮಾಲರ ಹೆಗಲು, ಹುಬ್ಬು, ಚೀಲದ ಬಾಯಿ ಎಲ್ಲ ಹಳದಿ. ಸಾಯಂಕಾಲ ಆ ಪುಡಿ, ನುಚ್ಚು, ಹೊಟ್ಟು ಒಟ್ಟಾಗಿ ಚುನ್ನಿ ಎಂದು ಪಶು ಆಹಾರಕ್ಕೆ ಲಾರಿ ಏರುತ್ತದೆ. ಲೆಕ್ಕದ ಪ್ರಕಾರ ನೂರು ಕಿಲೋ ತೊಗರಿಗೆ 85 ಕಿಲೋ ಹತ್ತಿರ ಬೇಳೆ ಸಿಗಬೇಕು, ಸಾಮಾನ್ಯವಾಗಿ 70, 75 ಕಿಲೋ ಸಿಗುತ್ತದೆ. ನಡುವಿನ ಹತ್ತು, ಹದಿನೈದು ಕಿಲೋ ಸಿಪ್ಪೆಯಲ್ಲ, ಬೇಳೆಯೇ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ತೊಗರಿಯ ಮೇಲೆ ನಡೆದ ಕೆಲಸ ಇನ್ನೊಂದು ಮಾತು ತೋರಿಸಿದೆ: ಬೇಳೆಯ ಒಳಭಾಗಕ್ಕಿಂತ ಹೊರಪದರದಲ್ಲೇ ಪ್ರೋಟೀನ್ ಹೆಚ್ಚು. ಹಾಗಾದರೆ ಉಜ್ಜಿ ಉಜ್ಜಿ ಉದುರಿಸುತ್ತಿರುವುದು ಕಾಳಿನ ಸತ್ವದ ಭಾಗವನ್ನೇ. ಅದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಸುಮ್ಮನೆ ಚುನ್ನಿ ಚೀಲ ತಂದು ಪ್ರೋಟೀನ್ ತೆಗೆಯುತ್ತೇನೆಂದರೆ ಆಗದು. ಹೊಟ್ಟಿನಲ್ಲಿ ಟ್ಯಾನಿನ್ ಇರುತ್ತದೆ, ಒಗರು, ಕಂದು ಬಣ್ಣ ಎರಡೂ ಅದರಿಂದಲೇ. ನೆಲದ ಧೂಳು, ತೇವ, ಬೂಷ್ಟಿನ ಭಯ ಬೇರೆ. ಮೊದಲ ಉಜ್ಜಿನ ಹೊಟ್ಟನ್ನು ಬೇರೆ ಇಟ್ಟು, ಆಮೇಲಿನ ಉಜ್ಜುಗಳ ಹಳದಿ ಪುಡಿಯನ್ನು ರೋಲರಿನ ಬಾಯಿಂದಲೇ ಮುಚ್ಚಿದ ಕೊಳವೆಯಲ್ಲಿ ಹಿಡಿದು, ಒಣಗಿರುವಾಗಲೇ ಚೀಲಕ್ಕೆ ತುಂಬಬೇಕು. ಗಾಳಿಗೆ ತೂರುವ ಯಂತ್ರ ಒಂದೊಂದು ಮಿಲ್ಲಿಗೆ ಎಟುಕದು, ಹತ್ತಾರು ಮಿಲ್ಲು ಸೇರಿದರೆ ಎಟುಕುತ್ತದೆ. ಬರುವ ಹಿಟ್ಟನ್ನು ಶ್ಯಾವಿಗೆಗೆ, ಬಿಸ್ಕತ್ತಿಗೆ, ಅಂಗನವಾಡಿಯ ಹಿಟ್ಟಿಗೆ ಬೆರೆಸಬಹುದು. ಆಗ ದನಕ್ಕೆ ಸಿಗುವ ಮೇವು ಕಡಿಮೆಯಾಗುತ್ತದೆ ಎಂಬ ಮಾತೂ ನಿಜ, ಎಮ್ಮೆ ಕಟ್ಟಿದವರು ಕೇಳಿಯೇ ಕೇಳುತ್ತಾರೆ. ಹೊಟ್ಟು, ಬೇರ್ಪಟ್ಟ ಪಿಷ್ಟ ಅವರಿಗೇ ಹೋಗಬೇಕು.

ಇನ್ನು ಹಾಲಿಗೆ ಹಿಟ್ಟು ಕಲಸುವ ಮಾತು. ಹಸಿ ತೊಗರಿಯಲ್ಲಿ ಟ್ರಿಪ್ಸಿನ್ ತಡೆಯುವ ವಸ್ತು ಇದೆ. ಟ್ರಿಪ್ಸಿನ್ ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಅರಗಿಸುವ ಕಿಣ್ವ, ಅದರ ಕೈ ಕಟ್ಟಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಹಸಿ ಪಿಷ್ಟವೂ ಸರಿಯಾಗಿ ಅರಗದು, ಹೊಟ್ಟೆ ಉಬ್ಬರ ತಪ್ಪಿದ್ದಲ್ಲ. ಚೆನ್ನಾಗಿ ಬೇಯಿಸಿದರೆ ಇವೆರಡರ ಕಾಟ ಬಹುಪಾಲು ಹೋಗುತ್ತದೆ. ಬೇಳೆಯನ್ನು ನೆನೆಸಿ ಕುದಿಸುವುದು ಬರೀ ಮೆತ್ತಗಾಗಲಿ ಎಂದಲ್ಲ.

ಮಗನಿಗೆ ಡಬ್ಬಿ ಬೇಕೇ ಬೇಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ಹುಡುಗನಿಗೆ 50 ಗ್ರಾಂ ಆಯಿತು. ಭಾರ ಎತ್ತುವವರಿಗೆ ಇನ್ನಷ್ಟು ಬೇಕಾಗುತ್ತದೆ, ಅದನ್ನೂ ತಟ್ಟೆಯಲ್ಲೇ ಹೆಚ್ಚಿಸಬಹುದು. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 20 ಗ್ರಾಂ, 80 ಗ್ರಾಂ ತೊಗರಿ ಬೇಳೆಯಿಂದ 17, 30 ಗ್ರಾಂ ಶೇಂಗಾದ ಹಿಂಡಿಯಿಂದ (ಚಟ್ನಿ ಪುಡಿ) 7, ಒಂದು ಬಟ್ಟಲು ಮೊಸರಿನಿಂದ 6. ಅಲ್ಲಿಗೆ ಐವತ್ತು ಮುಟ್ಟಿತು. ಜೋಳದಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಹೇರಳ. ಬೇಳೆಯಲ್ಲಿ ಕಡಿಮೆ ಇರುವ ಗಂಧಕದ ಅಮೈನೊ ಆಮ್ಲಗಳನ್ನು ಜೋಳ ತಂದು ಕೊಡುತ್ತದೆ. ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ತಿನ್ನಬೇಡಿ ಎಂದು ಐಸಿಎಂಆರ್‌ನ ಪೌಷ್ಟಿಕತೆಯ ಸಂಸ್ಥೆಯೂ 2024ರಲ್ಲಿ ಹೇಳಿದೆ.

ಅವನು ಜಿಮ್‌ನಿಂದ ಬಂದ ಕೂಡಲೇ ಏನಾದರೂ ಕುಡಿಯಬೇಕೆಂದರೆ ಮನೆಯಲ್ಲಿ ಪುಟಾಣಿ ಇದ್ದೇ ಇರುತ್ತದಲ್ಲ. ಅದು ಆಗಲೇ ಹುರಿದದ್ದು, ಹಸಿಯಲ್ಲ. ಮೂವತ್ತು ಗ್ರಾಂ ಪುಟಾಣಿ ಹಿಟ್ಟನ್ನು ಒಂದು ಲೋಟ ಮಜ್ಜಿಗೆಗೆ ಕಲಸಿ, ಚಿಟಿಕೆ ಜೀರಿಗೆ ಪುಡಿ, ಉಪ್ಪು ಹಾಕಿಕೊಡಿ. ಆರೇಳು ಗ್ರಾಂ ಪ್ರೋಟೀನ್ ಹಿಟ್ಟಿನಿಂದಲೇ ಬರುತ್ತದೆ. ಹಾಲಿನಲ್ಲೇ ಬೇಕೆಂದರೆ ಹಾಲಿಗೂ ನಡೆಯುತ್ತದೆ, ಆಗ ಉಪ್ಪಿನ ಬದಲು ಬೆಲ್ಲ.