ಗಾಯ ಮಾಸಿದ ಮೇಲೂ ಪೆಡಲ್ ತುಳಿದರೆ ಮಂಡಿ ಏಕೆ ನೋಯುತ್ತದೆ?

ಸೈಕಲ್ಲಿನಿಂದ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡ ಅನೇಕರು ಫಿಸಿಯೊಥೆರಪಿಗೆ ಬರುವುದು ಮೂರು ನಾಲ್ಕು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ತರಚಿದ ಗಾಯ ಒಣಗಿರುತ್ತದೆ. ಎಕ್ಸ್‌ರೇಯಲ್ಲಿ ಮುರಿತವಿರುವುದಿಲ್ಲ, ಎಂಆರ್‌ಐ ವರದಿಯಲ್ಲೂ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ನಡೆದರೆ ನೋವಿಲ್ಲ, ಆದರೆ ಸೈಕಲ್ ಹತ್ತಿ ಅರ್ಧ ಗಂಟೆಯಾಗುವುದರೊಳಗೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಏರು ಬಂದರೆ ಇನ್ನೂ ಹೆಚ್ಚುತ್ತದೆ. ಒಳಗೆ ಏನೋ ಹರಿದಿದೆ, ಸ್ಕ್ಯಾನ್‌ನಲ್ಲಿ ಕಂಡಿಲ್ಲ ಎಂಬ ಭಯದಿಂದ ಸೈಕಲ್ಲನ್ನು ಗೋಡೆಗೆ ಒರಗಿಸಿ ಮತ್ತೊಂದು ತಿಂಗಳು ವಿಶ್ರಾಂತಿ ಪಡೆಯುತ್ತಾರೆ. ಮತ್ತೆ ತುಳಿದ ದಿನವೇ ನೋವು ಹಾಜರು.

ಇಂಥವರಲ್ಲಿ ನಾನು ಮೊದಲು ಅಳತೆಪಟ್ಟಿ ಹಿಡಿಯುವುದು ತೊಡೆಗೆ. ಚಿಪ್ಪಿನಿಂದ ಹದಿನೈದು ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ ತೆಗೆದರೆ, ಪೆಟ್ಟು ಬಿದ್ದ ಕಾಲಿನದು ಬಹುಪಾಲು ಕಡಿಮೆಯೇ ಇರುತ್ತದೆ. ಮಂಡಿಯೊಳಗೆ ನೀರು ತುಂಬಿಕೊಂಡಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರಸಂದೇಶವೇ ತಗ್ಗುತ್ತದೆ. ಇಪ್ಪತ್ತು ಮೂವತ್ತು ಮಿಲಿಲೀಟರ್ ದ್ರವ ಸಾಕು, ಸ್ನಾಯುವಿನ ಒಳಬದಿಯ ಭಾಗ ಮಂಕಾಗುತ್ತದೆ. ಊತ ಇಳಿದ ಮೇಲೂ ಆ ಸ್ನಾಯು ತಾನಾಗಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ವಿಶ್ರಾಂತಿಯಲ್ಲಿ ಇನ್ನಷ್ಟು ಸೊರಗುತ್ತದೆ. ನಡೆಯುವುದಕ್ಕೆ ಉಳಿದಿರುವ ಬಲ ಸಾಲುತ್ತದೆ. ಮಂಡಿಯನ್ನು ಆಳವಾಗಿ ಮಡಿಸಿ, ಭಾರ ಹಾಕಿ, ಗಂಟೆಗೆ ಐದು ಸಾವಿರ ಸಲ ತುಳಿಯುವುದಕ್ಕೆ ಸಾಲುವುದಿಲ್ಲ. ನಿಮ್ಮ ಬಲವನ್ನು ನೀವೇ ನೋಡಿಕೊಳ್ಳಬಹುದು: ಕುರ್ಚಿಯಿಂದ ಒಂದೇ ಕಾಲಿನ ಮೇಲೆ ಏಳಿ, ನಂತರ ಇನ್ನೊಂದರ ಮೇಲೆ. ವ್ಯತ್ಯಾಸ ಎದ್ದು ಕಾಣುತ್ತದೆ.

ಆದ್ದರಿಂದ ಚಿಕಿತ್ಸೆಯ ಹೆಚ್ಚಿನ ಪಾಲು ವ್ಯಾಯಾಮವೇ. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿಟ್ಟ ಟವೆಲನ್ನು ಒತ್ತಿ ಹಿಡಿಯುವುದರಿಂದ ಶುರು ಮಾಡಿಸುತ್ತೇನೆ. ಅದು ಸಲೀಸಾದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಆಮೇಲೆ ಮೆಟ್ಟಿಲಿನಿಂದ ಒಂದೇ ಕಾಲಿನ ಹಿಡಿತದಲ್ಲಿ ನಿಧಾನವಾಗಿ ಇಳಿಯುವುದು. ವಾರಕ್ಕೆ ಮೂರು ದಿನ, ಕನಿಷ್ಠ ಎರಡು ತಿಂಗಳು. ನೀ ಕ್ಯಾಪ್ ಹಾಕಿಕೊಂಡರೆ ಧೈರ್ಯ ಬರುತ್ತದೆ, ಸ್ನಾಯು ಬರುವುದಿಲ್ಲ.

ಇನ್ನು ಸೈಕಲ್ಲಿನ ವಿಚಾರ. ನಮ್ಮಲ್ಲಿ ಸೀಟು ತಗ್ಗಾಗಿಡುವ ಅಭ್ಯಾಸ ಬೇರೂರಿದೆ. ನಿಂತಾಗ ಎರಡೂ ಪಾದ ನೆಲಕ್ಕೆ ಊರಬೇಕೆಂದು ಬಾಲ್ಯದಲ್ಲಿ ಹೇಳಿಕೊಟ್ಟದ್ದು ದೊಡ್ಡವರಾದರೂ ಹಾಗೆಯೇ ಉಳಿಯುತ್ತದೆ. ಸೀಟು ತಗ್ಗಿದಷ್ಟೂ ಮಂಡಿ ಹೆಚ್ಚು ಮಡಚುತ್ತದೆ, ಚಿಪ್ಪು ತೊಡೆಯ ಮೂಳೆಗೆ ಹೆಚ್ಚು ಒತ್ತುತ್ತದೆ. ಆರೋಗ್ಯವಂತ ಮಂಡಿ ಅದನ್ನು ಸಹಿಸಿಕೊಂಡೀತು, ಪೆಟ್ಟು ತಿಂದದ್ದು ಸಹಿಸುವುದಿಲ್ಲ. ಗೋಡೆ ಹಿಡಿದು ಸೈಕಲ್ ಮೇಲೆ ಕುಳಿತು, ಪೆಡಲನ್ನು ತೀರಾ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಒಂದು ಬದಿಗೆ ವಾಲದೆ ಕಾಲು ನೇರವಾದರೆ ಎತ್ತರ ಹೆಚ್ಚುಕಡಿಮೆ ಸರಿ. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿಯಷ್ಟು ಬಾಗು ಉಳಿಯಬೇಕು. ನೋವು ಮಂಡಿಯ ಹಿಂಬದಿಯಲ್ಲಿದ್ದರೆ ಸೀಟು ಅತಿ ಎತ್ತರವಾಗಿರಬಹುದು, ಆಗ ಇಳಿಸಿ. ಒಂದು ಸಲಕ್ಕೆ ಐದು ಮಿಲಿಮೀಟರಿಗಿಂತ ಹೆಚ್ಚು ಬದಲಿಸದೆ, ಎರಡು ಮೂರು ಸವಾರಿ ಮಾಡಿ ನೋಡಿ.

ಗೇರ್ ಇದ್ದರೆ ಹಗುರವಾದದ್ದನ್ನೇ ಹಾಕಿ, ನಿಮಿಷಕ್ಕೆ ಎಂಬತ್ತು ಸುತ್ತಿನ ಲಯದಲ್ಲಿ ತುಳಿಯಿರಿ. ಹದಿನೈದು ಸೆಕೆಂಡಿಗೆ ಬಲಗಾಲು ಇಪ್ಪತ್ತು ಸಲ ಕೆಳಗೆ ಬಂದರೆ ಲೆಕ್ಕ ಸರಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತುವುದರಿಂದ ಪ್ರತಿ ಸುತ್ತಿನಲ್ಲೂ ಮಂಡಿಯ ಮೇಲೆ ಹೊರೆ ಏರುತ್ತದೆ. ಗೇರಿಲ್ಲದ ಸೈಕಲ್ಲಾದರೆ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು.

ತುಳಿಯುವಾಗ ಸ್ವಲ್ಪವೂ ನೋವಾಗಬಾರದು ಎಂಬ ನಿಯಮವನ್ನು ನಾನು ಹೇರುವುದಿಲ್ಲ. ಹತ್ತಕ್ಕೆ ಮೂರರಷ್ಟು ನೋವು ಬಂದು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮಂಡಿ ಮೊದಲಿನಂತಾದರೆ ಅಷ್ಟು ದೂರ ನಿಮಗೆ ಒಗ್ಗುತ್ತದೆ. ಬೆಳಿಗ್ಗೆ ಬಿಗಿತ ಅಥವಾ ಊತ ಕಂಡರೆ ದೂರ ಅರ್ಧಕ್ಕಿಳಿಸಿ, ಆದರೆ ಸೈಕಲ್ಲನ್ನು ಪೂರ್ತಿ ಬಿಡಬೇಡಿ. ಮಂಡಿ ನಡುವೆ ಸಿಕ್ಕಿಹಾಕಿಕೊಂಡು ಚಾಚಲಾಗದಿದ್ದರೆ, ನಡೆಯುವಾಗ ದಿಢೀರನೆ ಕುಸಿದರೆ, ಬಿಸಿಯಾಗಿ ಕೆಂಪಾಗಿ ಜ್ವರ ಬಂದರೆ, ಇಲ್ಲವೇ ಮಲಗಿದ್ದಾಗಲೂ ನೋವು ಬಿಡದಿದ್ದರೆ ಇಲ್ಲಿ ಹೇಳಿದ್ದೆಲ್ಲ ಅನ್ವಯಿಸುವುದಿಲ್ಲ. ತಡಮಾಡದೆ ಮೂಳೆ ತಜ್ಞರಿಗೆ ತೋರಿಸಿ.

ನಂದಿ ಬೆಟ್ಟ ಯಾವಾಗ ಹತ್ತಬಹುದು ಎಂದು ಬೆಂಗಳೂರಿನ ಸವಾರರು ಕೇಳುತ್ತಲೇ ಇರುತ್ತಾರೆ. ಒಂಟಿ ಕಾಲಿನಲ್ಲಿ ಕುರ್ಚಿಯಿಂದ ಏಳುವುದು ಎರಡೂ ಬದಿಗೆ ಸಮನಾಗಿ, ಸಮತಟ್ಟು ರಸ್ತೆಯ ಎರಡು ಗಂಟೆಯ ಸವಾರಿ ಮರುದಿನ ಊತ ತರದಿದ್ದರೆ ಹೊರಡಿ. ಸೀಟು ಬಿಟ್ಟು ಏಳದೆ, ಅತ್ಯಂತ ಹಗುರ ಗೇರಿನಲ್ಲಿ ಹತ್ತಿ. ಮೊದಲ ಸಲ ಅರ್ಧಕ್ಕೇ ತಿರುಗಿ ಬನ್ನಿ. ಮರುದಿನ ಮಂಡಿ ಸುಮ್ಮನಿದ್ದರೆ ಉಳಿದರ್ಧಕ್ಕೆ ಮುಂದಿನ ವಾರ ಹೋಗಿ.